ಬುತ್ತಿಯ ನೆಪ

ಮೀನುಕೋಣೆಯ ಹೊರಗಿನ ಮೆಟ್ಟಿಲು,
ಗುರುವಾರ, ಊಟದ ಬಿಡುವು

ಪರಮಪೂಜ್ಯ, ಪ್ರಾತಃಸ್ಮರಣೀಯ, ಸಕಲ ಮತ್ಸ್ಯಕುಲದ... ಸಾಕು, ನಿನಗೆ ಇದೆಲ್ಲ ಹಿಡಿಸುವುದಿಲ್ಲ. ಪ್ರೀತಿಯ ಅಜ್ಜೀ,

ಮೊದಲು ಕ್ಷೇಮಸಮಾಚಾರ. ನಿನ್ನ ಎಡಮಂಡಿ ಹೇಗಿದೆ? ಅದಕ್ಕೆ ಸಿಗುವ ಮರ್ಯಾದೆ ಕಂಡು ಬಲಮಂಡಿಯೂ ಹೊಟ್ಟೆಕಿಚ್ಚಿಗೆ ನೋಯಲು ಶುರುಮಾಡಿದೆ ಎಂದು ಚಿಕ್ಕಜ್ಜಿ ಹೇಳಿದರು. ಇನ್ನೂ ಒಂದು ದೂರು ಅವರದು. ನೀನು ಅವರ ಮನೆ ಸೇರಿದ ಮೇಲೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ತಾರೀಖು ಬರೆದ ಚೀಟಿ ಅಂಟಿಸಿದ್ದೀಯಂತೆ. ‘ನಿಮ್ಮಜ್ಜಿ ನನ್ನನ್ನ ತಂಗಿ ಅಂದ್ಕೊಂಡಿಲ್ಲ ಕಣೇ, ನಾನೇನೋ ಅವಳ ಲ್ಯಾಬ್ ಹುಡುಗಿ ಅಂದ್ಕೊಂಡಿದ್ದಾಳೆ. ಉಪ್ಪು ತಗೊಳೋಕೂ ಅರ್ಜಿ ಹಾಕ್ಬೇಕು’ ಎಂದು ಗೊಣಗಿದರು. ಕನ್ನಡಕ ಹಣೆಯ ಮೇಲಿದೆ ನೋಡು, ಇಳಿಸಿಕೊಂಡು ಮುಂದೆ ಓದು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪ ಎಂದಿನಂತೆ ಬೀಗದಕೈ ಒಳಗೆ ಬಿಟ್ಟು ಬಾಗಿಲು ಎಳೆದುಕೊಳ್ಳುವ ಕಾರ್ಯಕ್ರಮವನ್ನು ಯಶಸ್ವಿಯಾಗಿ ನಡೆಸಿಕೊಂಡು ಬರುತ್ತಿದ್ದಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಲ್ಯಾಬಿನ ಮಾತು ಎತ್ತಿದ ಕೂಡಲೇ ನೀನು ‘ಹಾಲು ಉಕ್ತಿದೆ, ಇಡ್ತೀನಿ’ ಎನ್ನುತ್ತೀಯ. ಈ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ಉಕ್ಕಿದ ಹಾಲಿಗೆ ಒಂದು ಕೆರೆ ಸಾಲದು. ಅದಕ್ಕೇ ಕಾಗದ. ಇದನ್ನು ಓದುವಾಗ ಬೇಕಾದರೆ ಒಲೆ ಆರಿಸಿ ಕೂತುಕೋ.

ನಿನ್ನ ಲ್ಯಾಬ್ ಖಾಲಿಯಾಗುತ್ತಿದೆ. ತಿಂಗಳ ಕೊನೆಗೆ ಆ ಜಾಗ ಕಂಪ್ಯೂಟರಿನವರಿಗೆ ಹೋಗುತ್ತದೆ. ಅವರಿಗೆ ನೀರು ಬೇಡ, ಬೆಳಕು ಬೇಡ, ಗಾಳಿ ತಣ್ಣಗಿದ್ದರೆ ಸಾಕು. ಖಾಲಿ ಮಾಡುವ ಪವಿತ್ರ ಕಾರ್ಯಕ್ಕೆ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಅತ್ಯಂತ ನಿರುಪಯೋಗಿ ಯಾರೆಂದು ವಿಭಾಗದ ಮುಖ್ಯಸ್ಥರು ಹುಡುಕಿದರು, ನಾನು ಅವಿರೋಧವಾಗಿ ಆಯ್ಕೆಯಾದೆ. ಮುಖ್ಯಸ್ಥರೆಂದರೆ ನಿನ್ನ ಹಳೆಯ ಶಿಷ್ಯ, ಬಿಗಿಮೂತಿ. ಆ ಹೆಸರು ನೀನೇ ಇಟ್ಟದ್ದು. ಇಡೀ ಕಟ್ಟಡ ಈಗ ಹಾಗೇ ಕರೆಯುತ್ತದೆ. ನೀನು ವಿಜ್ಞಾನಕ್ಕೆ ಕೊಟ್ಟ ಕೊಡುಗೆಗಳಲ್ಲಿ ಯಾರೂ ಪ್ರಶ್ನಿಸದೆ ಉಳಿದದ್ದು ಅದೊಂದೇ. ಈ ಜೋಕು ಬರೆಯುವಾಗ ಚೆನ್ನಾಗಿತ್ತು, ಬರೆದ ಮೇಲೆ ನನಗೇ ಚುಚ್ಚಿತು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ. ಇರಲಿ.

ನಿನ್ನ ಹಳೆಯ ಸೆಂಟ್ರಿಫ್ಯೂಜು ಗುಜರಿಗೆ ಹೋಗುವ ಮುನ್ನ ಅದಕ್ಕೊಂದು ಶ್ರದ್ಧಾಂಜಲಿ ಸಭೆ ಏರ್ಪಡಿಸಿದ್ದೆ. ‘ದಿವಂಗತರು ಜೀವಮಾನವಿಡೀ ಗಿರಗಿರ ಸುತ್ತಿದರೂ ಎಲ್ಲಿಗೂ ಹೋಗಲಿಲ್ಲ. ಅನೇಕ ಸಂಶೋಧಕರಿಗೆ ಅವರೇ ಮಾದರಿ’ ಎಂದು ಭಾರವಾದ ದನಿಯಲ್ಲಿ ಓದಿದೆ. ನಂತರ ಮೌನಾಚರಣೆ. ಅಷ್ಟರಲ್ಲಿ ಬಿಗಿಮೂತಿ ಒಳಗೆ ಬಂದರು, ಎಲ್ಲರೂ ತಲೆ ತಗ್ಗಿಸಿ ನಿಂತದ್ದನ್ನು ಕಂಡು ತಾವೂ ತಗ್ಗಿಸಿದರು. ಮುಗಿದ ಮೇಲೆ ಮೆಲ್ಲಗೆ ‘ಯಾರಮ್ಮ ಹೋಗಿದ್ದು?’ ಎಂದು ಕೇಳಿದರು. ನಾನು ಯಂತ್ರ ತೋರಿಸಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಅದರ ಮುಚ್ಚಳ ಸವರಿ, ‘ನನ್ನ ಥೀಸಿಸ್ ಪೂರ್ತಿ ಇದ್ರೊಳಗೇ ತಿರುಗಿದ್ದು’ ಎಂದು ಹೊರಟುಹೋದರು. ಅವತ್ತಿನಿಂದ ಆ ಹೆಸರು ಹಿಡಿದು ಕರೆಯಲು ನನಗೆ ಸ್ವಲ್ಪ ಮುಜುಗರ.

ಈಗ ಮುಖ್ಯ ವಿಷಯ. ನಿನಗೆ ಗೊತ್ತಿರುವುದನ್ನು ನಿನಗೇ ಹೇಳುವ ಉದ್ಧಟತನ ಮಾಡುತ್ತಿದ್ದೇನೆ. ಪರೀಕ್ಷೆಯ ಉತ್ತರಪತ್ರಿಕೆ ಎಂದುಕೊಂಡು ಓದು, ತಪ್ಪಿದ್ದಲ್ಲಿ ಕೆಂಪು ಶಾಯಿ ಹಚ್ಚು.

ಪಟ್ಟೆಮೀನಿನ ಭ್ರೂಣ ಗಾಜಿನ ಹಾಗೆ, ಒಳಗಿರುವುದೆಲ್ಲ ಹೊರಗೇ ಕಾಣುತ್ತದೆ. ಅದರ ಹೃದಯ ಮೊದಲು ಎಡಕ್ಕೊಂದು ಬಲಕ್ಕೊಂದು ತುಣುಕಾಗಿ ಹುಟ್ಟುತ್ತದೆ. ಆಮೇಲೆ ಎರಡೂ ನಡುಗೆರೆಗೆ ಸರಿದು ಬಂದು, ಕೂಡಿಕೊಂಡು, ಒಂದಾಗಿ ಬಡಿಯುತ್ತವೆ. ಅವನ್ನು ಕೂಡಿಸುವ ಜೀನೊಂದನ್ನು ನೀನು ಹುಡುಕಿದೆ. ನಿಮ್ಮ ಕಸುಬಿನವರ ಪದ್ಧತಿ ವಿಚಿತ್ರ. ಜೀನಿಗೆ ಅದು ಮಾಡುವ ಕೆಲಸದ ಹೆಸರಿಡುವುದಿಲ್ಲ, ಅದಿಲ್ಲದಾಗ ಏನು ಕೆಡುತ್ತದೋ ಅದರ ಹೆಸರಿಡುತ್ತೀರಿ. ಹಾಗಾಗಿ ಕೂಡಿಸುವ ಆ ಜೀನಿನ ಹೆಸರು ‘ಇಬ್ಬಾಗ’. (ಈ ಲೆಕ್ಕದಲ್ಲಿ ಅಪ್ಪನ ಹೆಸರು ‘ಹಾಲು ಬಂದಿಲ್ಲ’ ಎಂದಾಗಬೇಕು, ದಿನಾ ತರುವವರು ಅವರೇ.) ಇಬ್ಬಾಗದ ಸಂದೇಶವನ್ನು ತಡೆಯುವ ಮದ್ದನ್ನು ಮೊಟ್ಟೆಗೆ ಚುಚ್ಚಿದರೆ ಮರಿಗೆ ಎರಡು ಪುಟ್ಟ ಹೃದಯ, ಎರಡೂ ಬೇರೆ ಬೇರೆ ಜಾಗದಲ್ಲಿ ನಿಂತು ಬಡಿಯುತ್ತವೆ. ಕೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವವರೆಗೂ ನೀನು ಜಗತ್ತಿಗೆ ಅದನ್ನೇ ತೋರಿಸಿದೆ.

ಆಮೇಲೆ ಉದ್ದಣ್ಣ ಬಂದ. ನಿನ್ನ ಕೊನೆಯ ವಿದ್ಯಾರ್ಥಿ. ಬಾಗಿಲಿಗೆ ಹಣೆ ಚಚ್ಚಿಕೊಳ್ಳದೆ ಒಳಗೆ ಬಂದದ್ದೇ ಇಲ್ಲ. ಅವನು ಹೊಸ ಜೀನ್ ಕತ್ತರಿ ಹಿಡಿದು ಇಬ್ಬಾಗವನ್ನೇ ಬುಡಸಮೇತ ಕತ್ತರಿಸಿದ. ಇಬ್ಬಾಗ ಇಲ್ಲವೇ ಇಲ್ಲದ ಮರಿಗಳು ಹುಟ್ಟಿದವು. ಒಂದೊಂದಕ್ಕೂ ಒಂದೇ ಹೃದಯ, ನಡುಮಧ್ಯದಲ್ಲಿ, ಏನೂ ಆಗದ ಹಾಗೆ ಬಡಿಯುತ್ತಿತ್ತು. ಹಾಗಾದರೆ ಇಷ್ಟು ವರ್ಷ ಕಂಡ ಎರಡು ಹೃದಯ ಆ ಜೀನಿನ ಕೊರತೆಯಿಂದಲ್ಲ, ನಿನ್ನ ಮದ್ದಿನ ವಿಷದಿಂದ ಎಂದು ಎಲ್ಲರೂ ತೀರ್ಮಾನಿಸಿದರು. ನೀನು ಸಭೆಯಲ್ಲಿ ಎದ್ದು ನಿಂತು ‘ನಾನು ತಪ್ಪು. ಮುಂದಿನ ಮಾತು ಯಾರದು?’ ಎಂದು ಕೂತೆಯಂತೆ. ಅದನ್ನು ಹೇಳುವಾಗ ಉದ್ದಣ್ಣ ಈಗಲೂ ಗೋಡೆ ನೋಡುತ್ತಾನೆ.

ಅವನು ನಿನ್ನನ್ನು ಬೇಡಿಕೊಂಡಿದ್ದನಂತಲ್ಲ, ‘ಮೇಡಂ, ಬುತ್ತಿ ಇರಬಹುದು. ಈ ಮರಿಗಳು ದೊಡ್ಡದಾಗಿ ಮೊಟ್ಟೆ ಇಡೋವರೆಗೂ ನೋಡೋಣ’ ಎಂದು? ಬುತ್ತಿ ಎಂಬ ಮಾತು ಈ ಕಟ್ಟಡಕ್ಕೆ ಬಂದದ್ದೇ ನಿನ್ನಿಂದ. ‘ಮೊದಲ ಹೊತ್ತು ಯಾವ ಮರೀನೂ ಸ್ವಂತ ಸಂಪಾದನೆ ತಿನ್ನಲ್ಲ. ಅಮ್ಮ ಮೊಟ್ಟೇಲಿ ಕಟ್ಟಿಟ್ಟ ಬುತ್ತೀನೇ ತಿನ್ನೋದು’ ಎಂದು ನೀನು ಹೇಳಿಕೊಟ್ಟದ್ದನ್ನು ಈಗ ನಮಗೆ ಬಿಗಿಮೂತಿ ಹೇಳಿಕೊಡುತ್ತಾರೆ. ಮರಿಯಲ್ಲಿ ಜೀನು ಇಲ್ಲದಿದ್ದರೂ ತಾಯಿಯಲ್ಲಿ ಒಂದು ಪ್ರತಿ ಇದ್ದರೆ ಸಾಕು, ಅವಳು ಮೊಟ್ಟೆಯಲ್ಲಿ ತುಂಬಿಟ್ಟ ಆ ಜೀನಿನ ಸಂದೇಶವೇ ಬುತ್ತಿ, ಅದರಿಂದ ಮರಿ ಬಚಾವು. ಆ ಮರಿ ತಾನೇ ತಾಯಿಯಾದಾಗ ಕಟ್ಟಿಕೊಡಲು ಅವಳ ಬಳಿ ಏನೂ ಇರುವುದಿಲ್ಲ. ಕೊರತೆ ಬಯಲಾಗುವುದು ಆವಾಗ. ಕತ್ತರಿ ತಾಯಿಯ ಬುತ್ತಿಯನ್ನು ಮುಟ್ಟುವುದಿಲ್ಲ, ನಿನ್ನ ಮದ್ದು ಅದನ್ನೂ ಕಟ್ಟಿಹಾಕುತ್ತಿತ್ತು. ಮೊದಲ ವರ್ಷದ ಕಪಿಗೆ ಹೊಳೆಯುವ ಈ ಮಾತು ನಿನಗೆ ಹೊಳೆಯಲಿಲ್ಲ ಎಂದರೆ ನಾನು ನಂಬುವುದಿಲ್ಲ. ಆದರೂ ನೀನು ಅವನಿಗೆ, ‘ಸೋತವರೆಲ್ಲ ಬುತ್ತಿ ನೆಪ ಹೇಳ್ತಾರೆ. ನಾನು ಹೇಳಲ್ಲ. ಮೀನೆಲ್ಲ ತೆಗೆದುಬಿಡು’ ಎಂದು ಹೇಳಿ ಚಿಕ್ಕಜ್ಜಿಯ ಊರಿಗೆ ಹೊರಟುಬಿಟ್ಟೆ. ಯಾಕೆಂದು ಅವನಿಗೂ ತಿಳಿಯಲಿಲ್ಲ, ಕಳೆದ ವಾರದವರೆಗೆ ನನಗೂ ತಿಳಿದಿರಲಿಲ್ಲ.

ಕಳೆದ ವಾರ ಅಮ್ಮ ಇಲ್ಲಿಗೆ ಬಂದಳು. ‘ಇಲ್ಲಿ ಕುರ್ಚಿ ಮೇಲೆ ಕೂತ್ರೆ ಕಾಲು ನೇತಾಡತ್ತೆ, ನನ್ನ ಗಿಡ್ಡ ಸ್ಟೂಲ್ ಕಳಿಸಿ’ ಎಂದು ನೀನು ಹೇಳಿದ್ದೆಯಲ್ಲ, ಅದನ್ನು ಒಯ್ಯಲು. ಅಮ್ಮ ಒಂದು ಕಾಲದಲ್ಲಿ ಮೇಲಿನ ಮಹಡಿಯ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು, ಆಮೇಲೆ ಶಾಲೆಯಲ್ಲಿ ಟೀಚರಾದಳು ಎಂದಷ್ಟೇ ನನಗೆ ಗೊತ್ತಿದ್ದದ್ದು. ಯಾಕೆ ಬಿಟ್ಟೆ ಎಂದರೆ ‘ಮಕ್ಕಳು ಮೀನಿಗಿಂತ ಜಾಸ್ತಿ ಮಾತಾಡ್ತಾರೆ, ಅದಕ್ಕೆ’ ಎನ್ನುತ್ತಿದ್ದಳು. ನೀವಿಬ್ಬರೂ ಎದುರುಬದುರು ಕೂತರೆ ಮಾತು ತರಕಾರಿ, ಮಂಡಿ, ಸೋರುವ ನಲ್ಲಿ, ಮತ್ತೆ ತರಕಾರಿ. ತಾಯಿ ಮಗಳೆಂದರೆ ಹೀಗೇ ಇರಬೇಕು ಎಂದುಕೊಂಡಿದ್ದೆ. ಮೀನುಕೋಣೆಯ ದೀಪದ ಸ್ವಿಚ್ಚು ಬಾಗಿಲ ಹಿಂದೆ ಮೊಣಕಾಲಿನ ಮಟ್ಟದಲ್ಲಿದೆ, ಯಾವ ಪುಣ್ಯಾತ್ಮ ಹಾಕಿಸಿದನೋ. ಮೊದಲ ದಿನ ಅದನ್ನು ಪತ್ತೆಮಾಡುವುದರೊಳಗೆ ನಾನು ಬಕೀಟು ಎಡವಿ ಬಿದ್ದಿದ್ದೆ. ಅಮ್ಮ ಕತ್ತಲಲ್ಲಿ ಕಾಲಿಟ್ಟವಳೇ, ನೋಡದೆ, ಬಗ್ಗಿ ಒತ್ತಿದಳು.

ಕೆಳಗಿನ ಸಾಲಿನ ಮೂಲೆಯಲ್ಲಿ ಒಂದು ತೊಟ್ಟಿಗೆ ಉದ್ದಣ್ಣ ‘ಖಾಲಿ’ ಎಂದು ಚೀಟಿ ಅಂಟಿಸಿದ್ದ. ಅಮ್ಮ ಬಗ್ಗಿ ನೋಡಿ, ‘ಏನಪ್ಪಾ, ನಿಮ್ಮ ಖಾಲಿ ಚೆನ್ನಾಗಿ ಈಜ್ತಿದೆಯಲ್ಲ!’ ಎಂದಳು. ಅವನ ಕಿವಿ ಕೆಂಪಾಯಿತು. ಇದು ನಿನಗೆ ಈಗ ತಿಳಿಯಲಿ: ಮೀನೆಲ್ಲ ತೆಗೆದುಬಿಡು ಎಂದ ನಿನ್ನ ಮಾತನ್ನು ಅವನು ಒಂದು ತೊಟ್ಟಿಯ ಮಟ್ಟಿಗೆ ಪಾಲಿಸಿಲ್ಲ. ಇಬ್ಬಾಗ ಇಲ್ಲದ ನಿನ್ನ ಮೀನುಗಳಲ್ಲಿ ಕೆಲವು ಗಂಡು, ವಯಸ್ಸಾದ ಒಂದೇ ಒಂದು ಹೆಣ್ಣು ಅಲ್ಲಿ ತಲೆಮರೆಸಿಕೊಂಡಿದ್ದವು. ಒಂದ್ಸಲಾನಾದ್ರೂ ಜೋಡಿ ಬಿಟ್ಟಿದ್ದೀಯಾ ಎಂದು ಅಮ್ಮ ಕೇಳಿದಳು. ಅವನು, ‘ಇಲ್ಲ. ಉಳಿಸ್ಕೊಂಡಿದ್ದೇ ತಪ್ಪು, ಅದರ ಮೇಲೆ... ಬುತ್ತಿ ಅನ್ನೋದು ಸೋತವರ ನೆಪ ಅಂತ ಮೇಡಂ ಹೇಳಿದ್ರು’ ಎಂದ. ಅಮ್ಮ ಕೈಯಲ್ಲಿದ್ದ ನಿನ್ನ ಸ್ಟೂಲು ಕೆಳಗಿಟ್ಟು ಅದರ ಮೇಲೇ ಕೂತಳು. ‘ಅದನ್ನ ಅವಳು ಮೊದಲು ಹೇಳಿದ್ದು ನನಗೆ’ ಎಂದಳು.

ಆಮೇಲೆ ನಗುನಗುತ್ತಲೇ ಕತೆ ಹೇಳಿದಳು. ಅವಳಿಗೂ ಒಂದು ಜೀನಿತ್ತಂತೆ, ಅದಿಲ್ಲದಿದ್ದರೆ ಮರಿಯ ಬೆನ್ನು ನೆಟ್ಟಗೆ ಮೂಡುವುದಿಲ್ಲ ಎಂದು ಅವಳ ನಂಬಿಕೆ. ಅದು ಕೆಟ್ಟುಹೋದ ಮೀನು ಸಾಕಿದಳು, ಮರಿಗಳ ಬೆನ್ನು ಸ್ಕೇಲು ಇಟ್ಟಂತೆ ನೆಟ್ಟಗಿತ್ತು. ಸೆಮಿನಾರಿನಲ್ಲಿ ಎದ್ದು, ತಾಯಿಯ ಬುತ್ತಿ ಇರಬಹುದು, ಇನ್ನೊಂದು ತಲೆಮಾರು ಸಾಕಲು ಅವಕಾಶ ಕೊಡಿ ಎಂದು ಕೇಳಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ನೀನು, ‘ಕೆಲವರ ಬುತ್ತಿ ಎಷ್ಟು ತಲೆಮಾರು ಕಾದ್ರೂ ಮುಗಿಯಲ್ಲಮ್ಮ, ಸೋತವರಿಗೆ ಅದೊಂದು ನೆಪ’ ಎಂದೆಯಂತೆ. ಸಭೆ ಗೊಳ್ಳೆಂದು ನಕ್ಕಿತಂತೆ. ‘ಒಳ್ಳೇ ಜೋಕು ಕಣೇ, ನನಗೂ ನಗು ಬಂತು’ ಎಂದಳು ಅಮ್ಮ. ಮಗಳೆಂದು ಸಲಿಗೆ ಕೊಟ್ಟೆ ಎಂದು ಯಾರೂ ಬೆರಳು ತೋರಿಸಬಾರದಲ್ಲ, ಅದಕ್ಕೇ ನಿನ್ನ ಮಾತಿಗೆ ಒಂದು ಹಿಡಿ ಖಾರ ಹೆಚ್ಚಾಗಿತ್ತು ಎಂದೂ ಅವಳೇ ನಿನ್ನ ಪರ ವಾದಿಸಿದಳು. ಆದರೆ ಅವಳ ಗೈಡು ನಿನಗೆ ಎದುರಾಡುವವರಲ್ಲ. ತೊಟ್ಟಿಗಳು ಬೇರೆ ಹುಡುಗನಿಗೆ ಹೋದವು. ಮೀನುಗಳನ್ನು ತೆಗೆದು, ತೊಟ್ಟಿ ತೊಳೆದು, ಒರೆಸಿಟ್ಟು ಬಂದವಳು ಅವಳೇ.

ಜೋಕು ಮಾಡುವವರ ವಂಶದಲ್ಲಿ ಹುಟ್ಟಿದ್ದೇನೆ ಎಂದು ನನಗೆ ಹೆಮ್ಮೆಯಿತ್ತು, ಅಜ್ಜಿ. ನಿನ್ನ ಚುಚ್ಚುಮಾತುಗಳನ್ನು ಈ ಕಟ್ಟಡದಲ್ಲಿ ಈಗಲೂ ಗಾದೆಯ ಹಾಗೆ ಹೇಳುತ್ತಾರೆ. ಇದೊಂದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಸರಿ, ಮುಂದಿನದು ಕೇಳು. ಅಮ್ಮ ಶಾಲೆಗೆ ಮಂಡಿನೋವು ಎಂದು ರಜೆ ಹಾಕಿದಳು. ಯಾರ ಮಂಡಿ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಸಂಜೆ ಹೆಣ್ಣನ್ನೂ ಅದೇ ತೊಟ್ಟಿಯ ಒಂದು ಗಂಡನ್ನೂ ಜಾಲರಿಯ ಪೆಟ್ಟಿಗೆಗೆ ಬಿಟ್ಟು, ನಡುವೆ ಅಡ್ಡತಡೆ ಇಟ್ಟಳು. ಬೆಳಿಗ್ಗೆ ದೀಪ ಹತ್ತಿದ ಕೂಡಲೇ ತಡೆ ತೆಗೆದಳು. ಹೆಣ್ಣು ಗಂಡಿನತ್ತ ತಿರುಗಿಯೂ ನೋಡಲಿಲ್ಲ. ಮದುವೆಮನೆಯಲ್ಲಿ ಮುನಿಸಿಕೊಂಡ ದೊಡ್ಡತ್ತೆಯ ಹಾಗೆ ಮೂಲೆ ಹಿಡಿದು ನಿಂತಿತು. ನಾನು ಗಂಭೀರವಾಗಿ ಮಂತ್ರ ಹೇಳಲು ಶುರುಮಾಡಿದೆ, ಅಮ್ಮ ‘ಬಾಯ್ಮುಚ್ಚು, ಅದಕ್ಕೆ ನಾಚಿಕೆ ಆಗತ್ತೆ’ ಎಂದಳು. ಬಾಯಿ ಮುಚ್ಚಿದ ಸ್ವಲ್ಪ ಹೊತ್ತಿಗೆ ಮೊಟ್ಟೆಗಳು ಜಾಲರಿಯ ಕೆಳಗೆ ಉದುರತೊಡಗಿದವು. ಬಹಳ ಅಲ್ಲ, ಒಂದು ಚಮಚದ ತಳ ಮುಚ್ಚುವಷ್ಟು. ಅಮ್ಮ ಅವನ್ನು ತೊಳೆದು ತಟ್ಟೆಗೆ ಹಾಕುವುದನ್ನು ನೀನು ನೋಡಬೇಕಿತ್ತು. ಇಷ್ಟು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣ ಎಳೆದ ಕೈ, ಒಂದು ಮೊಟ್ಟೆಯೂ ಒಡೆಯಲಿಲ್ಲ.

ಮರುದಿನ ಮೈಕ್ರೋಸ್ಕೋಪಿನ ಮುಂದೆ ಅವಳೇ ಮೊದಲು ಕೂತಳು. ನಾನೂ ಉದ್ದಣ್ಣನೂ ಹಿಂದೆ ನ್ಯಾಯಬೆಲೆ ಅಂಗಡಿಯ ಮುಂದಿನಂತೆ ಸಾಲು ನಿಂತೆವು. ಅವಳು ಕಣ್ಣು ತೆಗೆಯಲೇ ಇಲ್ಲ. ತಟ್ಟೆಯನ್ನು ಚೂರು ಸರಿಸುವಳು, ಇನ್ನೊಂದು ಮರಿ, ಮತ್ತೆ ಸರಿಸುವಳು. ಕೊನೆಗೆ ಮೆಲ್ಲಗೆ, ‘ಎರಡಿದೆ’ ಎಂದಳು. ‘ಎಲ್ಲದಕ್ಕೂ ಎರಡೇ. ಎರಡೂ ಹೊಡ್ಕೋತಿದೆ.’ ಆಮೇಲೆ ಎದ್ದು ನಮಗೆ ಜಾಗ ಬಿಟ್ಟು, ‘ಅಮ್ಮ ಸರಿ ಇದ್ಲು’ ಎಂದಳು. ನಾನೂ ನೋಡಿದೆ, ಅಜ್ಜಿ. ಎಡಗಡೆಯದು ಸ್ವಲ್ಪ ಅವಸರ, ಬಲಗಡೆಯದು ನಿಧಾನ. ಇದಕ್ಕೆಲ್ಲ ಉಪಮೆ ಹುಡುಕಬಾರದು, ಭ್ರೂಣವನ್ನು ಭ್ರೂಣವಾಗಿಯೇ ನೋಡಬೇಕು ಎಂಬುದು ನಿನ್ನ ಕಟ್ಟಾಜ್ಞೆ ಎಂದು ಕೇಳಿದ್ದೇನೆ. ಹಾಗೇ ನೋಡಲು ಪ್ರಯತ್ನಪಟ್ಟೆ.

ಕತೆ ಇಲ್ಲಿಗೇ ನಿಂತಿದ್ದರೆ ಸಿಹಿಸುದ್ದಿ ಎಂದು ಶುರುವಿನಲ್ಲೇ ಬರೆಯುತ್ತಿದ್ದೆ. ಇವತ್ತು ಬೆಳಿಗ್ಗೆ ಆ ಹೆಣ್ಣು ಮೀನು ತೇಲುತ್ತಿತ್ತು. ವಯಸ್ಸಾಗಿತ್ತು, ಯಾರ ತಪ್ಪೂ ಅಲ್ಲ. ಎರಡು ಹೃದಯದ ಮರಿಗಳಂತೂ ಬದುಕುವುದಿಲ್ಲ, ನಿನಗೇ ಗೊತ್ತು. ನಮ್ಮ ಹತ್ತಿರ ಉಳಿದದ್ದು ಕೆಲವು ಚಿತ್ರ, ಆ ಗಂಡುಗಳು. ಒಂದು ತಾಯಿಯ ಒಂದು ಹೆರಿಗೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಬಿಗಿಮೂತಿ ಹೇಳಿದರು, ಅದೂ ನಿನ್ನದೇ ಪಾಠ. ‘ಹೋದ ವರ್ಷ ಅಷ್ಟೊಂದು ಹೆಣ್ಣಿತ್ತು, ದೊಡ್ಡದಾದ ಮೇಲೆ ಒಂದು ವಾರದ ಕೆಲಸ ಆಗಿತ್ತು’ ಎಂದು ಉದ್ದಣ್ಣ ಒಮ್ಮೆ ಅಂದ. ಈಗ ಗಂಡುಗಳನ್ನು ಬೇರೆ ಹೆಣ್ಣುಗಳ ಜೊತೆ ಬಿಟ್ಟು ಮೊದಲಿನಿಂದ ಶುರುಮಾಡಬೇಕು. ಎರಡು ತಲೆಮಾರು ಬೇಕು. ಗಾಬರಿಯಾಗಬೇಡ, ಮೀನಿನ ತಲೆಮಾರು.

ಅದಕ್ಕೆ ಕೋಣೆ ಉಳಿಯಬೇಕು. ನೀನು ಕೇಳಿದರೆ ಕಂಪ್ಯೂಟರಿನವರನ್ನು ಬೇರೆ ಕಡೆ ಕೂರಿಸುವುದಾಗಿ ಬಿಗಿಮೂತಿ ಮಾತು ಕೊಟ್ಟಿದ್ದಾರೆ, ಆದರೆ ನೀನೇ ಕೇಳಬೇಕು. ಎರಡು ಸಾಲು ಬರೆದು ಕಳಿಸು. ‘ನಾನು ಸರಿಯಿದ್ದೆ’ ಎಂದು ಬರೆಯುವುದು ಬೇಡ, ‘ಇನ್ನೂ ನೋಡುವುದಿದೆ’ ಎಂದು ಬರೆದರೆ ಸಾಕು. ಅಮ್ಮ ದಿನಾ ಶಾಲೆ ಮುಗಿಸಿ ಬಂದು ಮೀನಿಗೆ ಊಟ ಹಾಕುತ್ತಾಳಂತೆ. ನಾನು ತೊಟ್ಟಿ ತೊಳೆಯುತ್ತೇನೆ, ಶ್ರದ್ಧಾಂಜಲಿ ಸಭೆಗಳನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಸ್ಟೂಲು ನಿನಗೆ ಈ ವಾರ ಬರುವುದಿಲ್ಲ, ಇಲ್ಲಿ ಬಳಕೆಯಲ್ಲಿದೆ. ಅಲ್ಲಿಯವರೆಗೆ ಕಾಲು ನೇತಾಡಲಿ, ಮಂಡಿಗೆ ವ್ಯಾಯಾಮ.

ಚಿಕ್ಕಜ್ಜಿಗೆ ನನ್ನ ನಮಸ್ಕಾರ, ಉಪ್ಪಿನ ಅರ್ಜಿ ಬೇಗ ಮಂಜೂರಾಗಲಿ. ನಿನ್ನ ಎರಡೂ ಮಂಡಿಗಳಿಗೆ ಒಂದೊಂದು ಮುತ್ತು.

ನಿನ್ನ ಆಶೀರ್ವಾದಕ್ಕಿಂತ ಬೈಗುಳವನ್ನೇ ಹೆಚ್ಚು ಬಯಸುವ,
ಕಪಿ

ತಾ.ಕ.: ಅಂಚೆಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಸಂಜೆ ಅಮ್ಮ ಬಂದು ಇಲ್ಲಿಯವರೆಗಿನದನ್ನು ಓದಿದಳು. ಸೆಮಿನಾರಿನ ಜಾಗ ಬಂದಾಗ ಪೆನ್ನು ಎತ್ತಿದಳು, ಹೊಡೆದುಹಾಕುತ್ತಾಳೆ ಎಂದುಕೊಂಡೆ. ಒಂದು ಕಾಗುಣಿತ ತಿದ್ದಿ ವಾಪಸು ಕೊಟ್ಟಳು. ಇನ್ನು ಮುಂದಿನದು ಅವಳಿಗೆ ಗೊತ್ತಿಲ್ಲ. ಅವತ್ತು ಎರಡು ಹೃದಯ ನೋಡಿ ಎದ್ದವಳು ಸಿಂಕಿನ ಹತ್ತಿರ ನಿಂತು ಬಹಳ ಹೊತ್ತು ಕೈ ತೊಳೆದಳು. ನೀರಿನ ಸದ್ದಿನಲ್ಲಿ ನಮಗೆ ಕೇಳುವುದಿಲ್ಲ ಎಂದುಕೊಂಡು ‘ನಂದೂ ಹಿಂಗೇ ಇತ್ತೇನೋ’ ಎಂದಳು. ಅಜ್ಜಿ, ನೀನು ಮಗಳಿಗೆ ಕೊಡದ ಇನ್ನೊಂದು ತಲೆಮಾರನ್ನು ನಿನಗೂ ಕೊಟ್ಟುಕೊಳ್ಳಲಿಲ್ಲ, ಅಷ್ಟು ನನಗೆ ಅರ್ಥವಾಯಿತು. ಆದರೆ ಆ ಶಿಕ್ಷೆಯನ್ನು ನೀನು ಅಷ್ಟು ದೂರ ಹೋಗಿ ಒಬ್ಬಳೇ ಅನುಭವಿಸುತ್ತಿದ್ದೀಯ, ಅವಳಿಗೆ ಸುದ್ದಿಯೇ ಇಲ್ಲ. ನೀನು ಸೋತು ಬೇಜಾರಾಗಿ ಹೋದೆ ಎಂದೇ ಅವಳು ಅಂದುಕೊಂಡಿದ್ದಾಳೆ. ಕೋಣೆಯ ಕಾಗದ ನಾಳೆ ಬರೆದರೂ ನಡೆಯುತ್ತದೆ, ಇವತ್ತು ಅವಳಿಗೆ ಫೋನ್ ಮಾಡು. ಇಬ್ಬಾಗದ ಮಾತು ಎತ್ತಬೇಡ. ಅವಳ ಬೆನ್ನಿನ ಮೀನುಗಳ ಬಗ್ಗೆ ಕೇಳು. ಅವು ಈಗ ಎಲ್ಲೂ ಇಲ್ಲ, ಸರಿಯೋ ತಪ್ಪೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಆದರೂ ಕೇಳು, ಅವಳಿಗೆ ಎಲ್ಲ ನೆನಪಿದೆ. ಮೊದಲ ಸಲಕ್ಕೆ ಎತ್ತುವುದಿಲ್ಲ, ಪಾಠದಲ್ಲಿರುತ್ತಾಳೆ. ಮತ್ತೆ ಮಾಡು.